ಕ್ರೂಸ್ ಬುಕಿಂಗ್: ಡೆಪಾಸಿಟ್ ಕಟ್ಟಿದ ಮೇಲೂ ದರ ಏರುವುದು ಯಾಕೆ, ಏರದಂತೆ ನೋಡಿಕೊಳ್ಳುವುದು ಹೇಗೆ

"ಡೆಪಾಸಿಟ್ ಕಟ್ಟಾಯ್ತಲ್ಲ, ಇನ್ನು ದರ ಏರಿದರೆ ನಮಗೇನು?" ಹೀಗಂದುಕೊಂಡು ಆರಾಮಾಗಿ ಇದ್ದವರಿಗೆ ಎರಡು ತಿಂಗಳ ನಂತರ ಬಿಲ್ಲು ಬರುತ್ತದೆ. ನೋಡಿದರೆ ಮುನ್ನೂರೋ ನಾನೂರೋ ಡಾಲರ್ ಜಾಸ್ತಿ. ಫೋನ್ ಮಾಡಿದರೆ ಆ ಕಡೆಯವರು ತಣ್ಣಗೆ "ನಿಮ್ಮ ಬುಕಿಂಗ್ ರೀಪ್ರೈಸ್ ಆಗಿದೆ" ಅನ್ನುತ್ತಾರೆ, ಅಂದರೆ ಇವತ್ತಿನ ದರಕ್ಕೆ ಹೊಸದಾಗಿ ಲೆಕ್ಕ ಹಾಕಲಾಗಿದೆ ಅಂತ. ಯಾಕಾಯಿತು, ಯಾರು ಮಾಡಿದರು, ಯಾವತ್ತು ಮಾಡಿದರು ಅನ್ನುವುದಕ್ಕೆ ನೆಟ್ಟಗೆ ಉತ್ತರ ಸಿಗುವುದಿಲ್ಲ.

ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಈಗ ಮಾಮೂಲಿ. ಬೆಂಗಳೂರಿನಿಂದ ಸಿಂಗಪುರಕ್ಕೆ ಹಾರಿ ಅಲ್ಲಿ ಹಡಗು ಹತ್ತುವವರೂ ಬಹಳ ಜನ. ಇವರೆಲ್ಲ ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ದರ ಲಾಕ್ ಆಗಿದೆ ಅಂದುಕೊಂಡಾಗ ಅದು ಲಾಕ್ ಆಗಿರುವುದಿಲ್ಲ. ನಿಜವಾಗಿ ಲಾಕ್ ಆದ ಮೇಲೆ ಗೊತ್ತಿಲ್ಲದೆ ತಾವೇ ಬೀಗ ತೆಗೆದಿರುತ್ತಾರೆ. ಅದಕ್ಕೇ ಬುಕಿಂಗ್‌ನ ಮೊದಲ ದಿನದಿಂದ ಶುರುಮಾಡಿ ಒಂದೊಂದೇ ಹಂತ ನೋಡೋಣ.

ಹಂತ 1: ಪರದೆ ಮೇಲಿನ ದರವನ್ನು ಪೂರ್ತಿ ಬಿಲ್ ಮಾಡಿಕೊಳ್ಳಿ

ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ. ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದಾರೆ ಅನ್ನುವ ಲೆಕ್ಕದಲ್ಲಿ, ಹಡಗಿನ ಅತಿ ಅಗ್ಗದ ಕ್ಯಾಬಿನ್‌ಗೆ. ಒಬ್ಬರೇ ಹೋದರೆ ಬಹಳಷ್ಟು ಸಲ ಎರಡನೆಯವರ ದರವನ್ನೂ ನೀವೇ ಕೊಡಬೇಕು. ಮೂರನೆಯವರಿಗೆ, ನಾಲ್ಕನೆಯವರಿಗೆ ಬೇರೆ ದರ.

ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಹೊಸ ಕಾನೂನು ಬಂತು. ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ದರ ತೋರಿಸಬೇಕು ಅನ್ನುತ್ತದೆ ಅದು. ಅದಾದ ಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಅಮೆರಿಕದಲ್ಲಿ ತೆರಿಗೆ ಮತ್ತು ಬಂದರು ಶುಲ್ಕ ಸೇರಿಸಿಯೇ ದರ ಹಾಕಲು ಶುರುಮಾಡಿದವು. ಬೇರೆ ದೇಶದ ವೆಬ್‌ಸೈಟ್‌ಗಳಲ್ಲಿ, ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸುವ ಪೋಸ್ಟರ್‌ಗಳಲ್ಲಿ ಈ ಭರವಸೆ ಇಲ್ಲ. ಇನ್ನು ಸಿಬ್ಬಂದಿಯ ಟಿಪ್ಸ್, ಅಂದರೆ ಗ್ರಾಚ್ಯುಟಿ, ಅಮೆರಿಕದಲ್ಲೂ ಸಾಮಾನ್ಯವಾಗಿ ಹೊರಗೇ ಇರುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ಲೆಕ್ಕಕ್ಕೆ ಮಾತ್ರ. 7 ರಾತ್ರಿಯ ಪ್ರಯಾಣ, ಒಬ್ಬರಿಗೆ 699 ಡಾಲರ್. ಇಬ್ಬರಿಗೆ 1,398. ತೆರಿಗೆ ಮತ್ತು ಬಂದರು ಶುಲ್ಕ ಒಬ್ಬರಿಗೆ 180 ಅಂದರೆ 360. ಮೊತ್ತ 1,758. ಟಿಪ್ಸ್ ದಿನಕ್ಕೆ ಒಬ್ಬರಿಗೆ 18.50 ಅಂತ ಹಿಡಿದರೆ ಇಬ್ಬರಿಗೆ ಏಳು ದಿನಕ್ಕೆ 259. ಒಟ್ಟು 2,017 ಡಾಲರ್. "699 ಅಂತ ಹೇಳಿ 1,000 ಮಾಡಿದರು" ಅನ್ನುವ ದೂರಿನಲ್ಲಿ ಅರ್ಧದಷ್ಟು ಇಲ್ಲೇ ಮುಗಿಯುತ್ತದೆ. ದರ ಏರಿರುವುದಿಲ್ಲ, ಮೊದಲು ಪೂರ್ತಿ ತೋರಿಸಿರುವುದಿಲ್ಲ ಅಷ್ಟೆ.

ಹಾಗಾಗಿ ಪೇಮೆಂಟ್ ಪುಟದ ತನಕ ಹೋಗಿ. ಅಲ್ಲಿ ಬರುವ ವಿವರವಾದ ಲೆಕ್ಕದ ಸ್ಕ್ರೀನ್‌ಶಾಟ್ ತೆಗೆಯಿರಿ. ಹಡಗಿನ ಹೆಸರು, ಹೊರಡುವ ದಿನಾಂಕ, ಕ್ಯಾಬಿನ್ ಕೆಟಗರಿ (ಕೋಣೆಯ ದರ್ಜೆ), ಆಫರ್‌ನ ಹೆಸರು, ಒಟ್ಟು ಮೊತ್ತ, ನೀವು ನೋಡಿದ ದಿನ ಮತ್ತು ಸಮಯ ಎಲ್ಲ ಅದರಲ್ಲಿ ಕಾಣಬೇಕು. ಮುಂದೆ ಜಗಳ ಬಂದರೆ ಕೈಯಲ್ಲಿರುವ ಮೊದಲ ಸಾಕ್ಷಿ ಇದೇ.

ಹಂತ 2: ಹೋಲ್ಡ್ ಬೇರೆ, ಡೆಪಾಸಿಟ್ ಬೇರೆ

ಅತಿ ಜಾಸ್ತಿ ಗೊಂದಲ ಇರುವುದು ಇಲ್ಲಿ. ಕ್ಯಾಬಿನ್ ಆರಿಸಿ, ಹೆಸರು ತುಂಬಿಸಿದರೆ ಹಲವು ಕಂಪನಿಗಳು ದುಡ್ಡಿಲ್ಲದೆಯೇ ಒಂದು ದಿನವೋ ಎರಡು ಮೂರು ದಿನವೋ ಅದನ್ನು ಹಿಡಿದಿಡುತ್ತವೆ. ಏಜೆಂಟರು ಇದಕ್ಕೆ ಆಪ್ಷನ್ ಅಂತಲೂ ಹೇಳುತ್ತಾರೆ. ಆಗ ನಿಮಗೆ ಒಂದು ಬುಕಿಂಗ್ ನಂಬರ್ ಕೂಡ ಬರುತ್ತದೆ. ಬುಕಿಂಗ್ ನಂಬರ್ ಬಂತು ಅಂದರೆ ಬುಕ್ ಆಯ್ತು ಅಂತಲೇ ಎಲ್ಲರೂ ತಿಳಿಯುವುದು, ಅಲ್ವಾ?

ಆಗಿರುವುದಿಲ್ಲ. ಹೋಲ್ಡ್‌ನ ಗಡುವು ಮುಗಿಯುವುದರೊಳಗೆ ಡೆಪಾಸಿಟ್ ಸೇರದಿದ್ದರೆ ಸಿಸ್ಟಮ್ ತಾನೇ ಬುಕಿಂಗ್ ಅಳಿಸುತ್ತದೆ. ಕ್ಯಾಬಿನ್ ಮಾರಾಟಕ್ಕೆ ವಾಪಸ್ ಹೋಗುತ್ತದೆ. ಮತ್ತೆ ಬೇಕೆಂದರೆ ಆ ಹೊತ್ತಿನ ದರ. ಗಡುವು ಯಾವ ದೇಶದ ಗಡಿಯಾರದಲ್ಲಿ ಅನ್ನುವುದನ್ನೂ ನೋಡಿ. ಅಮೆರಿಕದ ಮಯಾಮಿಯ ರಾತ್ರಿ 12 ಗಂಟೆ ಅಂದರೆ ಬೇಸಿಗೆಯಲ್ಲಿ ಭಾರತಕ್ಕೆ ಬೆಳಿಗ್ಗೆ 9:30.

ವಿಮಾನದ ಟಿಕೆಟ್ ಬುಕ್ ಮಾಡಿ ಅಭ್ಯಾಸ ಇರುವವರಿಗೆ ಇನ್ನೊಂದು ತಪ್ಪು ಕಲ್ಪನೆ ಇರುತ್ತದೆ. ಅಮೆರಿಕದ ವಿಮಾನ ಟಿಕೆಟ್‌ಗೆ, ಹೊರಡಲು 7 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, 24 ಗಂಟೆಯ ರಕ್ಷಣೆ ಇದೆ. ಒಂದೋ ದರ ಹಿಡಿದಿಡಬೇಕು, ಇಲ್ಲವೇ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು. ಆ ನಿಯಮ ಹಡಗಿಗೆ ಅನ್ವಯಿಸುವುದಿಲ್ಲ.

ಇದೇ ಸಾಲಿಗೆ ಸೇರುವುದು ಹಡಗಿನ ಮೇಲೇ ಮಾರುವ "ಮುಂದಿನ ಕ್ರೂಸ್" ಡೆಪಾಸಿಟ್. ಪ್ರಯಾಣದ ಖುಷಿಯಲ್ಲಿ ಇರುವಾಗ ಮೇಜು ಹಾಕಿಕೊಂಡು ಮಾರುತ್ತಾರೆ. ಹಡಗು, ದಿನಾಂಕ ಆರಿಸದೆ ಬರೀ ದುಡ್ಡು ಕಟ್ಟಿ ಬಂದರೆ ಲಾಕ್ ಆಗುವುದು ದರವಲ್ಲ. ಮುಂದೆ ಬುಕ್ ಮಾಡುವಾಗ ಸಿಗುವ ಒಂದಿಷ್ಟು ಸೌಲಭ್ಯ ಮಾತ್ರ. ದಿನಾಂಕ ಆರಿಸಿಯೇ ಕಟ್ಟಿದರೆ ಅದು ಬೇರೆ ಮಾತು.

ಹಂತ 3: ಯಾವ ಬಗೆಯ ಡೆಪಾಸಿಟ್ ಅಂತ ಕೇಳಿ ಕಟ್ಟಿ

ಒಂದೇ ಕ್ಯಾಬಿನ್‌ಗೆ ಎರಡು ದರ ಕಾಣುತ್ತವೆ. ಒಂದು ವಾಪಸ್ ಸಿಗುವ ಡೆಪಾಸಿಟ್‌ನದು, ಇನ್ನೊಂದು ವಾಪಸ್ ಸಿಗದ್ದು. ಎರಡನೆಯದು ಅಗ್ಗ, ಅದಕ್ಕೇ ವೆಬ್‌ಸೈಟ್‌ನಲ್ಲಿ ಅದೇ ಮೊದಲು ಕಾಣುತ್ತದೆ. 7 ರಾತ್ರಿಯ ಪ್ರಯಾಣಕ್ಕೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಒಬ್ಬರಿಗೆ 250 ಡಾಲರ್ ಆಸುಪಾಸು ಕೇಳುತ್ತವೆ. ಇಬ್ಬರಿಗೆ 500.

ವಾಪಸ್ ಸಿಗದ ಡೆಪಾಸಿಟ್ ಅಂದರೆ ರದ್ದು ಮಾಡಿದರೆ ದುಡ್ಡು ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ದಿನಾಂಕ ಅಥವಾ ಹಡಗು ಬದಲಿಸಿದರೂ ಶುಲ್ಕ ಬೀಳುತ್ತದೆ. ರಾಯಲ್ ಕೆರಿಬಿಯನ್ ಅನ್ನುವ ಕ್ರೂಸ್ ಕಂಪನಿಯಲ್ಲಿ ಅದು ಒಬ್ಬರಿಗೆ 100 ಡಾಲರ್. ಅದರ ಮೇಲೆ ಹೊಸ ದಿನಾಂಕದ ಹೊಸ ದರ. ಮದುವೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಮುಹೂರ್ತ ಮುಂದೆ ಹಾಕಿದಂತೆ. ದುಡ್ಡು ಒಂದಿಷ್ಟು ಜಮೆ ಆದೀತು, ಹಳೆಯ ಬಾಡಿಗೆ ಸಿಗುವುದಿಲ್ಲ.

ಊರಿಂದ ಬರುವ ಅಪ್ಪ ಅಮ್ಮನಿಗೆ ಬುಕ್ ಮಾಡುವವರು ಇಲ್ಲಿ ಎರಡು ನಿಮಿಷ ನಿಲ್ಲಬೇಕು. ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ಒಂದೋ ಕೆನಡಾದ ವ್ಯಾಂಕೂವರ್‌ನಿಂದ ಹೊರಡುತ್ತವೆ, ಇಲ್ಲವೇ ಸಿಯಾಟಲ್‌ನಿಂದ ಹೊರಟು ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಂಥ ಊರಿನಲ್ಲಿ ನಿಲ್ಲುತ್ತವೆ. ಇದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು. ವಿದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವ ಹಾಗಿಲ್ಲ, ಹಾಗಾಗಿ ನಡುವೆ ಬೇರೆ ದೇಶ ಮುಟ್ಟಿ ಬರಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇದರಿಂದ ಎರಡು ತಲೆನೋವು. ಕೆನಡಾದ ವೀಸಾ ಬೇಕೇ ಅಂತ ನೋಡಬೇಕು, ಅಮೆರಿಕಕ್ಕೆ ಮತ್ತೆ ಒಳಬರಲು ವೀಸಾ ನಡೆಯುತ್ತದೆಯೇ ಅಂತಲೂ ನೋಡಬೇಕು. ವೀಸಾ ಸಿಗಲಿಲ್ಲ ಅನ್ನುವುದು ಕ್ರೂಸ್ ಕಂಪನಿಗೆ ದುಡ್ಡು ವಾಪಸ್ ಕೊಡುವ ಕಾರಣವಲ್ಲ. ವೀಸಾ ಕೈಗೆ ಬರುವ ತನಕ ವಾಪಸ್ ಸಿಗುವ ಡೆಪಾಸಿಟ್ಟೇ ಸರಿ, ಅದಕ್ಕೆ ನೂರಿನ್ನೂರು ಡಾಲರ್ ಜಾಸ್ತಿಯಾದರೂ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಂತ 4: ದುಡ್ಡು ನಿಜವಾಗಿ ಸೇರಿದೆಯಾ ನೋಡಿ

ಕಾರ್ಡ್ ನಂಬರ್ ಕೊಟ್ಟಿದ್ದೇವೆ ಅನ್ನುವುದಕ್ಕೂ ಡೆಪಾಸಿಟ್ ಸೇರಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಬ್ಯಾಂಕ್ ಆಪ್‌ನಲ್ಲಿ "ಪೆಂಡಿಂಗ್" ಅಂತ ಕಂಡರೆ ಬ್ಯಾಂಕ್ ಆ ಮೊತ್ತವನ್ನು ಹಿಡಿದಿಟ್ಟಿದೆ ಅಂತ ಮಾತ್ರ ಅರ್ಥ. ಕಂಪನಿಗೆ ಅದು ಇನ್ನೂ ಹೋಗಿರುವುದಿಲ್ಲ. ಕೆಲವು ಸಲ ಆ ಹಿಡಿತ ಎರಡು ದಿನದಲ್ಲಿ ಸುಮ್ನೆ ಮಾಯವಾಗುತ್ತದೆ. ಅಷ್ಟರಲ್ಲಿ ಹೋಲ್ಡ್‌ನ ಗಡುವೂ ಮುಗಿದಿರುತ್ತದೆ.

ಭಾರತದ ಕಾರ್ಡ್ ಬಳಸುವವರಿಗೆ ಇನ್ನೊಂದು ಸಂಗತಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ಚಾಲೂ ಇರುತ್ತವೆ. ವಿದೇಶಿ ವ್ಯವಹಾರವನ್ನು ನೀವೇ ಆಪ್‌ನಲ್ಲಿ ಆನ್ ಮಾಡಬೇಕು, ಮಿತಿಯನ್ನೂ ಏರಿಸಬೇಕು. ಏಜೆಂಟ್ ಫೋನಿನಲ್ಲಿ ಕಾರ್ಡ್ ವಿವರ ಪಡೆದು ಸಂಜೆ ಹಾಕಿದಾಗ ಅದು ಡಿಕ್ಲೈನ್ ಆದರೆ ನಿಮಗೆ ಯಾರೂ ಹೇಳದೇ ಇರಬಹುದು. ನಮ್ಮ ಪರಿಚಯದ ಮನೆಯೊಂದರಲ್ಲಿ ಆಗಿದ್ದು ಇದೇ. ಶುಕ್ರವಾರ ಸಂಜೆ ಕಾರ್ಡ್ ಡಿಕ್ಲೈನ್, ಶನಿವಾರ ಹೋಲ್ಡ್ ಖತಂ, ಸೋಮವಾರ ಏಜೆಂಟ್ ಫೋನ್ ಮಾಡಿ "ಸರ್, ದರ ಏರಿದೆ" ಅಂದ. ಅವರಿಗೆ ಅದು ಮೋಸ ಅನ್ನಿಸಿತು. ನಿಜಕ್ಕೂ ಆಗಿದ್ದು ಆಪ್‌ನ ಒಂದು ಬಟನ್ ಆಫ್ ಇದ್ದದ್ದು. ಆದರೂ ಏಜೆಂಟ್ ಶುಕ್ರವಾರವೇ ಒಂದು ಮೆಸೇಜ್ ಹಾಕಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕಟ್ಟಿದ ದಿನವೇ ಮೂರು ಕಡೆ ನೋಡಿ: ಕಾರ್ಡ್ ಸ್ಟೇಟ್‌ಮೆಂಟ್, ಕ್ರೂಸ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಬುಕಿಂಗ್, ಮತ್ತು ಇಮೇಲ್‌ಗೆ ಬಂದ ದೃಢೀಕರಣ. ಏಜೆಂಟ್ ಮೂಲಕ ಆದರೆ ಏಜೆನ್ಸಿಯ ರಸೀದಿ ಸಾಲದು. ಕ್ರೂಸ್ ಕಂಪನಿಯೇ ಹೊರಡಿಸಿದ ಇನ್‌ವಾಯ್ಸ್ ಕೇಳಿ. ಕೊಡಲು ಏಜೆಂಟ್ ಮೀನ ಮೇಷ ಎಣಿಸಿದರೆ ಡೆಪಾಸಿಟ್ ಇನ್ನೂ ಕಂಪನಿಗೆ ಹೋಗಿಲ್ಲ ಅಂತ ಅನುಮಾನಪಡುವುದರಲ್ಲಿ ತಪ್ಪಿಲ್ಲ.

ಹಂತ 5: ಇನ್‌ವಾಯ್ಸ್ ಓದುವುದು

ಇನ್‌ವಾಯ್ಸ್ ನಾಲ್ಕೈದು ಪುಟ ಇರುತ್ತದೆ, ಆದರೆ ಕಣ್ಣು ಹಾಯಿಸಬೇಕಾದ ಸಾಲುಗಳು ಕಡಿಮೆ. ಮೊದಲು ಬುಕಿಂಗ್‌ನ ಸ್ಥಿತಿ: ಅದು "ಕನ್‌ಫರ್ಮ್ಡ್" ಆಗಿರಬೇಕು, "ಆಫರ್" ಅಥವಾ "ಆಪ್ಷನ್" ಅಲ್ಲ. ಆಮೇಲೆ ಬಂದ ಮೊತ್ತ ಮತ್ತು ಬಾಕಿ ಮೊತ್ತ. ನಮ್ಮ ಉದಾಹರಣೆಯಲ್ಲಿ 1,758ರಲ್ಲಿ 500 ಕಳೆದು 1,258 ಬಾಕಿ ಅಂತ ಇರಬೇಕು. ನಂತರ ಕೊನೆಯ ಕಂತಿನ ದಿನಾಂಕ, ಡೆಪಾಸಿಟ್‌ನ ಬಗೆ, ಆಫರ್‌ನ ಹೆಸರು. ಹಡಗಿನ ಮೇಲೆ ಖರ್ಚು ಮಾಡಲು 100 ಡಾಲರ್ ಕೊಡುತ್ತೇವೆ ಅಂದಿದ್ದರೆ ಅದೂ ಇಲ್ಲಿ ಬರೆದಿರಬೇಕು. ಬಾಯಿಮಾತಿನ ಆಫರ್‌ಗೆ ಬೆಲೆಯಿಲ್ಲ.

ಹೆಸರುಗಳನ್ನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆಯ ಇನಿಶಿಯಲ್ ಪದ್ಧತಿ ಇಲ್ಲಿ ಕಾಟ ಕೊಡುತ್ತದೆ. ಆಧಾರ್‌ನಲ್ಲಿ ಎರಡಕ್ಷರದ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಬುಕ್ ಮಾಡಿದ ಮಗ ಅಭ್ಯಾಸಬಲದಲ್ಲಿ ತನ್ನ ಸರ್‌ನೇಮನ್ನೇ ಅಮ್ಮನಿಗೂ ಹಾಕಿರುತ್ತಾನೆ. ಕಾಗುಣಿತ ತಿದ್ದುವುದು ಸಾಮಾನ್ಯವಾಗಿ ಸುಲಭ. ಆದರೆ ಪೂರ್ತಿ ಬೇರೆ ಹೆಸರು ಹಾಕಿದರೆ ಸಿಸ್ಟಮ್ ಅದನ್ನು "ಪ್ರಯಾಣಿಕರ ಬದಲಾವಣೆ" ಅಂತ ನೋಡಬಹುದು. ಆಗ ದರ ಹೊಸದಾಗಿ ಲೆಕ್ಕವಾಗುವ ಅಪಾಯ ಇದೆ. ಅದಕ್ಕೇ ತಿದ್ದುಪಡಿ ಏನಿದ್ದರೂ ಮೊದಲ ದಿನವೇ ಮುಗಿಸಿ.

ಹಂತ 6: ಬುಕಿಂಗ್ ಮುಟ್ಟುವ ಮೊದಲು ಕೇಳಿ

ಡೆಪಾಸಿಟ್ ಸೇರಿ, ಕನ್‌ಫರ್ಮ್ ಆದ ಬುಕಿಂಗ್ ಗಟ್ಟಿ. ಮಾರುಕಟ್ಟೆಯಲ್ಲಿ ದರ ಎಷ್ಟೇ ಏರಲಿ, ಅದೇ ಹಡಗು, ಅದೇ ದಿನ, ಅದೇ ಕೆಟಗರಿ, ಅದೇ ಜನ ಇರುವ ತನಕ ಮೂಲ ದರ ಹಾಗೇ ಉಳಿಯುತ್ತದೆ. ಇವುಗಳಲ್ಲಿ ಒಂದನ್ನು ಅಲುಗಾಡಿಸಿದರೆ ಸಿಸ್ಟಮ್ ಇಡೀ ಬುಕಿಂಗನ್ನು ಇವತ್ತಿನ ದರಕ್ಕೆ ಎಳೆಯಬಹುದು.

ಇದು ಹೇಗೆ ಅಂದರೆ, ನೀವು 699ಕ್ಕೆ ಬುಕ್ ಮಾಡಿದ್ದೀರಿ. ಮೂರು ತಿಂಗಳ ನಂತರ ಅದೇ ಕೆಟಗರಿ 849. "ಒಂದು ಡೆಕ್ (ಮಹಡಿ) ಮೇಲಕ್ಕೆ ಕ್ಯಾಬಿನ್ ಸಿಕ್ಕರೆ ಅಮ್ಮನಿಗೆ ಲಿಫ್ಟ್ ಹತ್ತಿರ ಆಗುತ್ತೆ" ಅಂತ ಒಂದು ಫೋನ್ ಮಾಡುತ್ತೀರಿ. ಅವರು ನಗುನಗುತ್ತಾ ಬದಲಿಸಿ ಕೊಡುತ್ತಾರೆ. ಕ್ಯಾಬಿನ್‌ಗೆ ಹೆಚ್ಚುವರಿ 20 ಡಾಲರ್ ಅಂದುಕೊಂಡಿದ್ದವರಿಗೆ ಬಿಲ್ಲಿನಲ್ಲಿ 150ರಂತೆ ಇಬ್ಬರಿಗೆ 300, ಅದರ ಮೇಲೆ ಆ 20. ಹಳೆಯ ಆಫರ್‌ನ ಸೌಲಭ್ಯವೂ ಹೋಗಿರಬಹುದು. ಫೋನ್ ಎತ್ತಿದವರು ಸುಳ್ಳು ಹೇಳಿಲ್ಲ, ನೀವು ಕೇಳಲಿಲ್ಲ, ಅವರು ಹೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: "ಈ ಬದಲಾವಣೆ ಮಾಡಿದರೆ ನನ್ನ ಒಟ್ಟು ಮೊತ್ತ ಎಷ್ಟಾಗುತ್ತೆ? ಸೇವ್ ಮಾಡುವ ಮೊದಲು ಹೇಳಿ." ಸೇವ್ ಮಾಡಿದ ಮೇಲೆ ಹಿಂದಕ್ಕೆ ಹೋಗುವುದು ಬಹಳ ಕಷ್ಟ. ಹಳೆಯ ದರದ ಕೋಟಾ ಆಗಲೇ ಮುಚ್ಚಿರುತ್ತದೆ.

ಮೂರನೆಯವರನ್ನು ಆಮೇಲೆ ಸೇರಿಸೋಣ ಅನ್ನುವ ಯೋಚನೆ ಇದ್ದರೆ ಬಿಡಿ, ಈಗಲೇ ಸೇರಿಸಿ. ಕ್ಯಾಬಿನ್‌ನಲ್ಲಿ ಮೂರನೇ ಹಾಸಿಗೆ ಇದ್ದರೂ ಜಾಗ ಸಿಗದೇ ಇರಬಹುದು, ಯಾಕೆಂದರೆ ಹಡಗಿನ ಪ್ರತಿ ಭಾಗಕ್ಕೂ ಲೈಫ್‌ಬೋಟ್ ಲೆಕ್ಕದಲ್ಲಿ ಮಿತಿ ಇರುತ್ತದೆ.

ಹಂತ 7: ಕೊನೆಯ ಕಂತು, ಅದರ ಹಿಂದಿನ ವಾರಗಳು

ಕೊನೆಯ ಕಂತಿನ ದಿನಾಂಕ ಕಂಪನಿಯಿಂದ ಕಂಪನಿಗೆ ಬೇರೆ. ಅಮೆರಿಕದಲ್ಲಿ ರಾಯಲ್ ಕೆರಿಬಿಯನ್‌ನ 5 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ಪ್ರಯಾಣಗಳಿಗೆ ಸಾಮಾನ್ಯವಾಗಿ ಹೊರಡುವ 90 ದಿನ ಮೊದಲು, ನಾರ್ವೇಜಿಯನ್ ಕಂಪನಿಯಲ್ಲಿ ಸಾಮಾನ್ಯವಾಗಿ 120 ದಿನ ಮೊದಲು. ಏಜೆನ್ಸಿಗಳು ಇನ್ನೂ ಕೆಲವು ದಿನ ಮುಂಚೆಯೇ ಕೇಳುತ್ತವೆ. ತಪ್ಪಿಸಿಕೊಂಡರೆ ಬುಕಿಂಗ್ ರದ್ದಾಗಬಹುದು, ಡೆಪಾಸಿಟ್ ಕೂಡ ಹೋಗಬಹುದು. ಫೋನ್‌ನಲ್ಲಿ ಒಂದು ವಾರ ಮೊದಲೇ ರಿಮೈಂಡರ್ ಹಾಕಿ.

ಈ ದಿನಾಂಕದ ತನಕ ದರ ಇಳಿದರೆ ಲಾಭ ನಿಮ್ಮದು. ವಾರಕ್ಕೊಮ್ಮೆ ವೆಬ್‌ಸೈಟ್‌ನಲ್ಲಿ ಹೊಸ ಬುಕಿಂಗ್ ಮಾಡುವವರ ಹಾಗೆ ಅದೇ ಕೆಟಗರಿ ನೋಡಿ. ಇಳಿದಿದ್ದರೆ ಅವತ್ತೇ ಫೋನ್ ಮಾಡಿ ಕಡಿಮೆ ದರಕ್ಕೆ ಬದಲಿಸಲು ಕೇಳಿ. ಇಲ್ಲೂ ಹಳೆಯ ಆಫರ್‌ನಲ್ಲಿ ಏನು ಕಳೆದುಕೊಳ್ಳುತ್ತೀರಿ ಅಂತ ಲೆಕ್ಕ ಹಾಕಿ. 80 ಡಾಲರ್ ಇಳಿಸಿಕೊಳ್ಳಲು ಹೋಗಿ 200 ಡಾಲರ್‌ನ ಉಚಿತ ಖರ್ಚು ಬಿಟ್ಟುಕೊಟ್ಟವರಿದ್ದಾರೆ. ಕೊನೆಯ ಕಂತು ಕಟ್ಟಿದ ಮೇಲೆ ಇಳಿದರೆ ದುಡ್ಡು ವಾಪಸ್ ಕೇಳುವ ಹಕ್ಕಿಲ್ಲ. ಆ ದಿನಾಂಕ ದಾಟಿ ರದ್ದು ಮಾಡಿದರೆ ದಂಡ ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಯ ವಾರಗಳಲ್ಲಿ ನೂರಕ್ಕೆ ನೂರು ಮುಟ್ಟುತ್ತದೆ. ಆಗಲೂ ತೆರಿಗೆ, ಬಂದರು ಶುಲ್ಕ, ಮುಂಚೆಯೇ ಕಟ್ಟಿದ ಟಿಪ್ಸ್ ಸಾಮಾನ್ಯವಾಗಿ ವಾಪಸ್ ಬರುತ್ತವೆ, ಕೇಳಿ ಪಡೆಯಿರಿ.

ಭಾರತದಿಂದ ಕಟ್ಟುವವರಿಗೆ ಇನ್ನೊಂದು ಏರಿಕೆ ಇದೆ, ಅದರಲ್ಲಿ ಕ್ರೂಸ್ ಕಂಪನಿಯ ಪಾತ್ರವೇ ಇಲ್ಲ. ಡೆಪಾಸಿಟ್ ಕಟ್ಟಿದ ದಿನ ಡಾಲರ್‌ಗೆ 83 ರೂಪಾಯಿ ಇದ್ದು ಬಾಕಿ ಕಟ್ಟುವ ದಿನ 86 ಆದರೆ, 2,500 ಡಾಲರ್ ಬಾಕಿಗೆ 7,500 ರೂಪಾಯಿ ಜಾಸ್ತಿ. ಕಾರ್ಡ್‌ನ ವಿದೇಶಿ ಶುಲ್ಕ ಅದರ ಮೇಲೆ. ಏಜೆಂಟ್ ರೂಪಾಯಿಯಲ್ಲಿ ದರ ಹೇಳಿದ್ದರೆ ಅದು ಯಾವ ದಿನದ ವಿನಿಮಯ ದರ ಅಂತ ಬರೆಸಿಕೊಳ್ಳಿ. ವಿದೇಶಿ ಟೂರ್ ಪ್ಯಾಕೇಜ್ ಮೇಲೆ ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡುವ ತೆರಿಗೆ, ಕೂಡ ಬೀಳುತ್ತದೆ. ಅದು ಖರ್ಚಲ್ಲ, ಮುಂಗಡ ತೆರಿಗೆ. ಪಾನ್ ಸರಿಯಾಗಿ ಕೊಟ್ಟರೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಲೇ ಇದೆ, ಆ ವರ್ಷದ್ದು ನೋಡಿಕೊಳ್ಳಿ.

ಹಂತ 8: ಏರಿಯೇ ಬಿಟ್ಟಿದೆ, ಈಗೇನು?

ಮೊದಲು ಏರಿದ್ದು ಯಾವ ಸಾಲಿನಲ್ಲಿ ಅಂತ ಹುಡುಕಿ. ಹಳೆಯ ಇನ್‌ವಾಯ್ಸ್, ಹೊಸ ಇನ್‌ವಾಯ್ಸ್ ಪಕ್ಕಪಕ್ಕ ಇಡಿ. ಏರಿದ್ದು ತೆರಿಗೆ ಅಥವಾ ಬಂದರು ಶುಲ್ಕವಾದರೆ ಕರಾರಿನಲ್ಲಿ ಅದಕ್ಕೆ ಅವಕಾಶ ಇರುತ್ತದೆ. ಇಂಧನದ ಹೆಚ್ಚುವರಿ ಶುಲ್ಕದ್ದೂ ಹಾಗೇ. ಕಚ್ಚಾ ತೈಲ ಬ್ಯಾರಲ್‌ಗೆ ಇಂತಿಷ್ಟು ಡಾಲರ್ ದಾಟಿದರೆ ದಿನಕ್ಕೆ ಇಷ್ಟು ಕೇಳುತ್ತೇವೆ ಅನ್ನುವ ಸಾಲು ದೊಡ್ಡ ಕಂಪನಿಗಳ ಕರಾರಿನಲ್ಲಿ ಇದೆ. ಏರಿದ್ದು ಮೂಲ ದರವೇ ಆಗಿದ್ದು, ನೀವು ಏನನ್ನೂ ಬದಲಿಸಿಲ್ಲ ಅಂದರೆ ನಿಮ್ಮ ಕೇಸ್ ಗಟ್ಟಿ.

ಯುರೋಪಿಯನ್ ಒಕ್ಕೂಟದಲ್ಲಿ ಅಥವಾ ಬ್ರಿಟನ್‌ನಲ್ಲಿ ಕೊಂಡ ಪ್ಯಾಕೇಜ್ ಆದರೆ ಕಾನೂನು ನಿಮ್ಮ ಕಡೆ ಇನ್ನೂ ಜಾಸ್ತಿ ವಾಲುತ್ತದೆ. ಇಂಧನ, ತೆರಿಗೆ, ವಿನಿಮಯ ದರ ಈ ಮೂರು ಕಾರಣಕ್ಕೆ ಮಾತ್ರ ಏರಿಸಬಹುದು, ಅದೂ ಕರಾರಿನಲ್ಲಿ ಬರೆದಿದ್ದರೆ. ಹೊರಡಲು 20 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಏರಿಸುವ ಹಾಗಿಲ್ಲ. ಶೇ. 8 ದಾಟಿದರೆ ದಂಡವಿಲ್ಲದೆ ರದ್ದು ಮಾಡುವ ಹಕ್ಕು ನಿಮಗಿದೆ. ಲಂಡನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರು ಅಮೆರಿಕದ ಸೈಟ್‌ನಲ್ಲಿ ಅಗ್ಗ ಅಂತ ಹುಡುಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ದೂರನ್ನು ಫೋನ್‌ನಲ್ಲಿ ಶುರುಮಾಡಿ, ಇಮೇಲ್‌ನಲ್ಲಿ ಮುಗಿಸಿ. ಇಮೇಲ್ ಉದ್ದ ಬೇಡ. ಬುಕಿಂಗ್ ನಂಬರ್, ಡೆಪಾಸಿಟ್ ಸೇರಿದ ದಿನಾಂಕ, ಮೊದಲ ಮೊತ್ತ, ಈಗಿನ ಮೊತ್ತ, "ನಾನು ಯಾವ ಬದಲಾವಣೆಯನ್ನೂ ಕೇಳಿಲ್ಲ, ಮೂಲ ದರಕ್ಕೆ ಮರಳಿಸಿ" ಅನ್ನುವ ಸಾಲು. ಜೊತೆಗೆ ಎರಡೂ ಇನ್‌ವಾಯ್ಸ್. ಬುಕಿಂಗ್‌ನಲ್ಲಿ ಯಾವ ದಿನ ಯಾರು ಏನು ಬದಲಿಸಿದರು ಅನ್ನುವ ದಾಖಲೆ ಕಂಪನಿಯ ಸಿಸ್ಟಮ್‌ನಲ್ಲಿ ಇರುತ್ತದೆ. ಅದನ್ನು ನೋಡಿ ಹೇಳಲು ಕೇಳಿ. ಏಜೆಂಟ್ ಮೂಲಕ ಮಾಡಿದ್ದರೆ ಕಂಪನಿ ನಿಮ್ಮ ಜೊತೆ ನೇರ ಮಾತಾಡುವುದಿಲ್ಲ, ಏಜೆಂಟ್‌ನ ಕೈಯಲ್ಲೇ ಬರೆಸಬೇಕು.

ಅದಕ್ಕೂ ಬಗ್ಗದಿದ್ದರೆ, ಭಾರತದಲ್ಲಿ ಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಏಜೆನ್ಸಿ ಮುಂಬೈಯದ್ದು ಅಂತ ಮೈಸೂರಿನವರು ಅಲ್ಲಿಗೆ ಓಡಬೇಕಿಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಅಮೆರಿಕದ ಕ್ರೆಡಿಟ್ ಕಾರ್ಡ್ ಆದರೆ ತಪ್ಪಾದ ಬಿಲ್ಲಿನ ಮೇಲೆ, ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ, ಬ್ಯಾಂಕಿಗೆ ಬರೆದು ತಕರಾರು ಮಾಡುವ ಹಕ್ಕಿದೆ. ಇದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಬ್ಯಾಂಕ್ ದುಡ್ಡು ಹಿಂದಕ್ಕೆ ಎಳೆದರೆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಡೆಪಾಸಿಟ್ ಕಟ್ಟಿಲ್ಲ ಅಂತಾಗುತ್ತದೆ, ಬುಕಿಂಗ್ ರದ್ದಾಗಬಹುದು. ಅದೇ ಹಡಗಿನಲ್ಲಿ ಹೋಗಲೇಬೇಕು ಅಂತಿದ್ದರೆ ಮೊದಲು ಇಮೇಲ್‌ನ ದಾರಿ ಪೂರ್ತಿ ಮುಗಿಸಿ, 60 ದಿನದ ಗಡುವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಂಡು.